ಗೆರೆಗಳೆಲ್ಲ ನೆಲಕ್ಕೆ ಅಂಟಿವೆ, ಇಲ್ಲಾ ಸೂರಿಗೆ: ಪರ್ಫಾರ್ಮೆನ್ಸ್ ಮಾನಿಟರ್ ಹೊಂದಿಸುವುದು ಹೇಗೆ?

ಪ್ರಶ್ನೆ: ತರೀಕೆರೆಯಲ್ಲಿ ನನ್ನದೊಂದು ಡಿಟಿಪಿ, ಜೆರಾಕ್ಸ್ ಅಂಗಡಿ ಇದೆ. ಕಂಪ್ಯೂಟರ್ ಹಳೆಯದು. 4 ಜಿಬಿ ರ‍್ಯಾಮ್, 1 ಟಿಬಿ ಹಾರ್ಡ್ ಡಿಸ್ಕ್, ವಿಂಡೋಸ್ 10. ಬೆಳಿಗ್ಗೆ ಚೆನ್ನಾಗಿರುತ್ತದೆ, ಮಧ್ಯಾಹ್ನದ ಹೊತ್ತಿಗೆ ತೆವಳಲು ಶುರು ಮಾಡುತ್ತದೆ. ಟಾಸ್ಕ್ ಮ್ಯಾನೇಜರ್ ತೆರೆದರೆ ಸಿಪಿಯು ಶೇ 10 ಕೂಡ ಇರುವುದಿಲ್ಲ, ಡಿಸ್ಕ್ ಮಾತ್ರ ಶೇ 100. ಆದರೆ ಡಿಸ್ಕ್ ವೇಗ ನೋಡಿದರೆ ಸೆಕೆಂಡಿಗೆ 1 ಎಂಬಿ ಕೂಡ ದಾಟಿರುವುದಿಲ್ಲ! ಗೆಳೆಯರೊಬ್ಬರು ಹೇಳಿದರು ಅಂತ, ಕಂಪ್ಯೂಟರಿನ ಕೆಲಸವನ್ನು ಗ್ರಾಫ್ ಮಾಡಿ ತೋರಿಸುವ ವಿಂಡೋಸ್‌ನದ್ದೇ ಪರ್ಫಾರ್ಮೆನ್ಸ್ ಮಾನಿಟರ್‌ನಲ್ಲಿ ಹತ್ತು ಹನ್ನೆರಡು ಕೌಂಟರ್ (ಒಂದೊಂದು ವಿಷಯ ಅಳೆಯುವ ಗೆರೆ) ಸೇರಿಸಿದೆ. ಅರ್ಧ ಗೆರೆಗಳು ನೆಲಕ್ಕೆ ಅಂಟಿವೆ, ಉಳಿದವು ಸೂರಿಗೆ. ಮುಚ್ಚಿ ತೆರೆದರೆ ಸೇರಿಸಿದ್ದೆಲ್ಲ ಮಾಯ. ಪಕ್ಕದಲ್ಲಿ ಒಂದು ಹಳೇ ಮಾನಿಟರ್ ಇದೆ. ಅದರಲ್ಲಿ ದಿನವಿಡೀ ಗ್ರಾಫ್ ಓಡುತ್ತಿರಬೇಕು, ನೋಡಿದ ಕೂಡಲೇ ಏನಾಗುತ್ತಿದೆ ಅಂತ ತಿಳಿಯಬೇಕು. ಹೇಗೆ ಹೊಂದಿಸಲಿ?

ಉತ್ತರ: ನಿಮ್ಮ ಗ್ರಾಫ್ ಕೆಟ್ಟಿಲ್ಲ. ಪರ್ಫಾರ್ಮೆನ್ಸ್ ಮಾನಿಟರ್‌ನ ಗ್ರಾಫಿಗೆ ಒಂದೇ ಅಳತೆಪಟ್ಟಿ, ಸೊನ್ನೆಯಿಂದ 100. ನೀವು ಅದರ ಮೇಲೆ ಶೇಕಡಾವಾರು, ಎಂಬಿ, ಬೈಟು, ಸೆಕೆಂಡು ಎಲ್ಲವನ್ನೂ ಒಟ್ಟಿಗೆ ಹಾಕಿದ್ದೀರಿ. ಡಿಸ್ಕ್ ಉತ್ತರ ಕೊಡಲು ತಗೊಂಡ ಸಮಯ 0.015 ಸೆಕೆಂಡ್ ಇದ್ದರೆ ಆ ಗೆರೆ ನೆಲದಿಂದ ಏಳುವುದು ಹೇಗೆ? ಸೆಕೆಂಡಿಗೆ 5 ಲಕ್ಷ ಬೈಟ್ ಬಂದರೆ ಆ ಗೆರೆ ಸೂರು ಬಿಟ್ಟು ಇಳಿಯುವುದು ಹೇಗೆ? ಹಾಗಾಗಿ ಮೊದಲ ಕೆಲಸ, ಹನ್ನೆರಡು ಗೆರೆಗಳನ್ನು ತೆಗೆದುಹಾಕುವುದು. ನಿಮಗೆ ಬೇಕಾಗಿರುವುದು ನಾಲ್ಕೇ ನಾಲ್ಕು. ಒಂದೊಂದಕ್ಕೂ ಅದರದ್ದೇ ಸ್ಕೇಲ್ (ನಿಜವಾದ ಅಂಕಿಯನ್ನು ಗುಣಿಸುವ ಸಂಖ್ಯೆ) ಕೊಟ್ಟು ನಾಲ್ಕನ್ನೂ ಆ ನೂರರೊಳಗೆ ಕೂರಿಸಬೇಕು.

ಅದಕ್ಕೂ ಮೊದಲು ಟಾಸ್ಕ್ ಮ್ಯಾನೇಜರ್ ವಿಷಯ ಮುಗಿಸಿಬಿಡೋಣ. ನೀವು ಕೇಳಿದ ಒಗಟು ಅಲ್ಲೇ ಇದೆ.

ಪರ್ಫಾರ್ಮೆನ್ಸ್ ಟ್ಯಾಬಿನಲ್ಲಿ ಡಿಸ್ಕ್ ಮೇಲೆ ಕ್ಲಿಕ್ ಮಾಡಿದರೆ ಬಲಗಡೆ ಎರಡು ಗ್ರಾಫ್ ಕಾಣುತ್ತವೆ. ಮೇಲಿನದು ಆಕ್ಟಿವ್ ಟೈಮ್. ಇದರ ಅಳತೆ ಯಾವಾಗಲೂ ಸೊನ್ನೆಯಿಂದ ನೂರೇ, ಬದಲಾಗುವುದಿಲ್ಲ. ಕೆಳಗಿನದು ಟ್ರಾನ್ಸ್‌ಫರ್ ರೇಟ್. ಇದರ ಸೂರು ಆಗಾಗ ತಾನೇ ಬದಲಾಗುತ್ತದೆ. ಬಲಗಡೆ ಮೂಲೆಯಲ್ಲಿ ಸಣ್ಣ ಅಕ್ಷರದಲ್ಲಿ 100 ಕೆಬಿ, 10 ಎಂಬಿ ಅಂತ ಬರೆದಿರುತ್ತದಲ್ಲ, ಅದೇ ಆ ಹೊತ್ತಿನ ಸೂರು. 90 ಕೆಬಿ ವೇಗದಲ್ಲಿ ಏನೋ ಓದಿದರೂ ಗ್ರಾಫ್ ಪೂರ್ತಿ ತುಂಬಿದ ಹಾಗೆ ಕಾಣಬಹುದು. ಅದೇ ಜಾಗದಲ್ಲಿ 90 ಎಂಬಿ ಓದಿದರೂ ಚಿತ್ರ ಹೆಚ್ಚುಕಮ್ಮಿ ಹಾಗೇ ಇರುತ್ತದೆ. ನೆಟ್‌ವರ್ಕ್ ಗ್ರಾಫ್ ಕೂಡ ಇದೇ ಜಾತಿ. ತಾನೇ ಅಳತೆ ಬದಲಿಸಿಕೊಳ್ಳುವ ಗ್ರಾಫನ್ನು ದೂರದಿಂದ ನೋಡಿ ಏನನ್ನೂ ತೀರ್ಮಾನ ಮಾಡಬೇಡಿ. ಮೊದಲು ಮೂಲೆಯ ಅಂಕಿ, ಆಮೇಲೆ ಗೆರೆ.

ಇನ್ನು ಶೇ 100 ಆಕ್ಟಿವ್ ಟೈಮ್ ಅಂದರೆ ಡಿಸ್ಕ್ ಜೋರಾಗಿ ಓಡುತ್ತಿದೆ ಅಂತಲ್ಲ. ಅದಕ್ಕೆ ಒಂದು ಕ್ಷಣವೂ ಬಿಡುವಿಲ್ಲ ಅಂತ ಅರ್ಥ. ನಿಮ್ಮ ಅಂಗಡಿಯಲ್ಲೇ ನೋಡಿ. ಒಬ್ಬರು 200 ಪುಟದ ಪುಸ್ತಕ ತಂದರೆ ಮೆಶಿನ್ ಸರಸರ ಓಡುತ್ತದೆ. ಅದೇ 40 ಜನ ಸಾಲಾಗಿ ನಿಂತು ಒಬ್ಬೊಬ್ಬರೂ ಒಂದೊಂದು ಆಧಾರ್ ಕಾರ್ಡ್ ಕೊಟ್ಟರೆ ನಿಮಗೆ ನೀರು ಕುಡಿಯಲೂ ಬಿಡುವಿರುವುದಿಲ್ಲ, ಆದರೆ ಪ್ರತಿ ಎಷ್ಟಾಯಿತು ಅಂತ ಲೆಕ್ಕ ಹಾಕಿದರೆ ಏನೂ ಇರುವುದಿಲ್ಲ. ಹಾರ್ಡ್ ಡಿಸ್ಕ್‌ನಲ್ಲೂ ಅಷ್ಟೇ. ನಿಮಿಷಕ್ಕೆ 7200 ಸುತ್ತು ಸುತ್ತುವ ಡಿಸ್ಕ್‌ಗೆ ಒಂದು ಸುತ್ತಿಗೆ ಸುಮಾರು 8.3 ಮಿಲಿಸೆಕೆಂಡ್ ಬೇಕು. ಬೇಕಾದ ಜಾಗ ಡಿಸ್ಕನ್ನು ಓದುವ ತಲೆಯ ಕೆಳಗೆ ಬರಲು ಸರಾಸರಿ ಅರ್ಧ ಸುತ್ತು, ಅಂದರೆ 4 ಮಿಲಿಸೆಕೆಂಡಿನ ಮೇಲೆ. ತಲೆ ಅಲ್ಲಿಗೆ ಸರಿಯಲು ಇನ್ನೊಂದು 9 ಅಂತ ಇಟ್ಟುಕೊಳ್ಳಿ. ಒಟ್ಟು 13. ಸೆಕೆಂಡಿಗೆ 75 ಸಲ ಮಾತ್ರ ಹೀಗೆ ಅತ್ತಿಂದಿತ್ತ ಓಡಬಹುದು. ಒಂದೊಂದು ಸಲಕ್ಕೆ 4 ಕೆಬಿ ಸಿಕ್ಕರೆ ಒಟ್ಟು 300 ಕೆಬಿ. ಆಕ್ಟಿವ್ ಟೈಮ್ ಶೇ 100, ವೇಗ 300 ಕೆಬಿ. ಎರಡೂ ನಿಜ. ನಿಮ್ಮ ಪರದೆಯಲ್ಲಿ ಕಂಡದ್ದೂ ಇದೇ.

ಹಾಗಾಗಿ ಟಾಸ್ಕ್ ಮ್ಯಾನೇಜರ್‌ನ ಡಿಸ್ಕ್ ಪುಟದಲ್ಲಿ ನೋಡಬೇಕಾದ್ದು ಗ್ರಾಫಿಗಿಂತ ಜಾಸ್ತಿ ಕೆಳಗಿರುವ ಆವರೇಜ್ ರೆಸ್ಪಾನ್ಸ್ ಟೈಮ್ ಎಂಬ ಅಂಕಿಯನ್ನು. ಹಾರ್ಡ್ ಡಿಸ್ಕ್‌ನಲ್ಲಿ ಅದು 10ರಿಂದ 20 ಮಿಲಿಸೆಕೆಂಡ್ ಇದ್ದರೆ ತಲೆ ಕೆಡಿಸಿಕೊಳ್ಳಬೇಡಿ. 50ರ ಮೇಲೇ ನಿಂತುಬಿಟ್ಟರೆ ಕೈಗೆ ನಿಧಾನ ಗೊತ್ತಾಗುತ್ತದೆ. ನೂರಾರು ಅಂಕಿ ತೋರಿಸಿದರೆ ಮೌಸ್ ಒತ್ತಿ ಕಾಯಬೇಕಾಗುತ್ತದೆ.

ಬೇಗ ಒಂದು ಕಣ್ಣು ಹಾಯಿಸಲು ಟಾಸ್ಕ್ ಮ್ಯಾನೇಜರ್ ಸಾಕು. ಪರ್ಫಾರ್ಮೆನ್ಸ್ ಟ್ಯಾಬಿನ ಎಡಗಡೆ ಪಟ್ಟಿಯ ಮೇಲೆ ಡಬಲ್ ಕ್ಲಿಕ್ ಮಾಡಿ. ಉಳಿದದ್ದೆಲ್ಲ ಮಡಚಿಕೊಂಡು ಆ ಪಟ್ಟಿ ಮಾತ್ರ ಸಣ್ಣ ಕಿಟಕಿಯಾಗಿ ಉಳಿಯುತ್ತದೆ. ಬಲಗಡೆ ಗ್ರಾಫಿನ ಮೇಲೆ ಡಬಲ್ ಕ್ಲಿಕ್ ಮಾಡಿದರೆ ಆ ಒಂದು ಗ್ರಾಫ್ ಮಾತ್ರ ಉಳಿಯುತ್ತದೆ. ಮತ್ತೆ ಡಬಲ್ ಕ್ಲಿಕ್ ಮಾಡಿದರೆ ಮೊದಲಿನ ಹಾಗೆ. ಮಡಚುವ ಮೊದಲೇ ಆಪ್ಷನ್ಸ್ ಮೆನುವಿನಲ್ಲಿ ಆಲ್ವೇಸ್ ಆನ್ ಟಾಪ್ ಆರಿಸಿದರೆ ಕೋರೆಲ್‌ಡ್ರಾ ತೆರೆದಿದ್ದರೂ ಅದರ ಮೇಲೆ ಕೂತಿರುತ್ತದೆ. ಅದೂ ಅಡ್ಡ ಅನಿಸಿದರೆ ಅದೇ ಮೆನುವಿನ ಹೈಡ್ ವೆನ್ ಮಿನಿಮೈಸ್ಡ್ ಆರಿಸಿ ಕೆಳಗಿಳಿಸಿ. ಗಡಿಯಾರದ ಪಕ್ಕ ಒಂದು ಪುಟ್ಟ ಐಕಾನ್ ಉಳಿಯುತ್ತದೆ. ಸಿಪಿಯು ಏರಿದಂತೆ ಅದೂ ತುಂಬುತ್ತದೆ. ಮೌಸ್ ಅದರ ಮೇಲಿಟ್ಟರೆ ಸಿಪಿಯು, ಮೆಮೊರಿ, ಡಿಸ್ಕ್, ನೆಟ್‌ವರ್ಕ್ ನಾಲ್ಕರ ಅಂಕಿಯೂ ಬರುತ್ತದೆ. ಅಂಗಡಿಯ ಹುಡುಗನಿಗೆ ಹೇಳಿಕೊಡಲು ಇದಕ್ಕಿಂತ ಸುಲಭದ್ದು ಇಲ್ಲ. ವಿಂಡೋಸ್ 11ರ ಹೊಸ ಟಾಸ್ಕ್ ಮ್ಯಾನೇಜರ್‌ನಲ್ಲಿ ಆಪ್ಷನ್ಸ್ ಮೆನು ಇಲ್ಲ. ಈ ಆಯ್ಕೆಗಳೆಲ್ಲ ಸೆಟ್ಟಿಂಗ್ಸ್ ಪುಟಕ್ಕೆ ಹೋಗಿವೆ.

ಆದರೆ ಟಾಸ್ಕ್ ಮ್ಯಾನೇಜರ್‌ಗೆ ನೆನಪಿನ ಶಕ್ತಿ ಇಲ್ಲ. ಸಾಮಾನ್ಯ ವೇಗದಲ್ಲಿ ಅದು ತೋರಿಸುವುದು ಕಳೆದ 60 ಸೆಕೆಂಡ್ ಮಾತ್ರ. ಗಿರಾಕಿ ಹೋದ ಮೇಲೆ ನೀವು ತಿರುಗಿ ನೋಡುವಷ್ಟರಲ್ಲಿ ನಡೆದದ್ದೆಲ್ಲ ಎಡಗಡೆಯಿಂದ ಜಾರಿ ಹೋಗಿರುತ್ತದೆ. ಬೆಳಗ್ಗೆಗೂ ಮಧ್ಯಾಹ್ನಕ್ಕೂ ಹೋಲಿಸಿ ನೋಡುವ ನಿಮ್ಮಂಥವರಿಗೆ ಪರ್ಫಾರ್ಮೆನ್ಸ್ ಮಾನಿಟರೇ ಬೇಕು.

ಸ್ಟಾರ್ಟ್ ಮೆನುವಿನಲ್ಲಿ ಹುಡುಕಿ ತೆರೆಯಿರಿ. ಎಡಗಡೆ ಮಾನಿಟರಿಂಗ್ ಟೂಲ್ಸ್ ಅಡಿಯಲ್ಲಿ ಪರ್ಫಾರ್ಮೆನ್ಸ್ ಮಾನಿಟರ್ ಒತ್ತಿ. ಹೊಸದಾಗಿ ತೆರೆದಾಗ ಒಂದೇ ಒಂದು ಕೆಂಪು ಗೆರೆ ಇರುತ್ತದೆ, ಸಿಪಿಯುವಿನದು. ಅದನ್ನು ಹಾಗೇ ಬಿಡಿ. ನಾಲ್ಕರಲ್ಲಿ ಅದು ಮೊದಲನೆಯದು, ಅದಕ್ಕೆ ಸ್ಕೇಲ್ 1 ಸಾಕು. ಒಂದು ಮಾತು: ಇಲ್ಲಿನ ಪ್ರೊಸೆಸರ್ ಟೈಮ್ ಅಂಕಿಯೂ ಟಾಸ್ಕ್ ಮ್ಯಾನೇಜರ್ ತೋರಿಸುವ ಅಂಕಿಯೂ ಒಂದೇ ಆಗಿರಬೇಕಾಗಿಲ್ಲ. ವಿಂಡೋಸ್ 8 ಮತ್ತು 10ರಲ್ಲಿ ಟಾಸ್ಕ್ ಮ್ಯಾನೇಜರ್‌ನ ಸಿಪಿಯು ಪುಟ ಪ್ರೊಸೆಸರ್‌ನ ಆ ಹೊತ್ತಿನ ವೇಗವನ್ನೂ ಲೆಕ್ಕಕ್ಕೆ ತಗೊಳ್ಳುತ್ತದೆ. ವ್ಯತ್ಯಾಸ ಕಂಡು ಗಾಬರಿಯಾಗಬೇಡಿ.

ಉಳಿದ ಮೂರನ್ನು ಮೇಲಿನ ಹಸಿರು ಪ್ಲಸ್ ಗುರುತು ಒತ್ತಿ ಸೇರಿಸಬೇಕು. ತೆರೆಯುವ ಪಟ್ಟಿಯ ಕೆಳಗೆ ಶೋ ಡಿಸ್ಕ್ರಿಪ್ಷನ್ ಅಂತ ಒಂದು ಚೌಕವಿದೆ, ಅದನ್ನು ಟಿಕ್ ಮಾಡಿಕೊಳ್ಳಿ. ಯಾವ ಕೌಂಟರ್ ಏನು ಅಳೆಯುತ್ತದೆ ಅಂತ ಅಲ್ಲೇ ವಿವರ ಬರುತ್ತದೆ. ಇದನ್ನು ಓದದೆ ಹೆಸರು ನೋಡಿ ಸೇರಿಸಿದವರೇ ಜಾಸ್ತಿ.

ಎರಡನೆಯದು, ಮೆಮೊರಿ ಗುಂಪಿನಲ್ಲಿರುವ ಅವೈಲಬಲ್ ಎಂಬೈಟ್ಸ್. ಖಾಲಿ ಸಿಗಬಹುದಾದ ಮೆಮೊರಿ ಎಷ್ಟು ಎಂಬಿ ಇದೆ ಅಂತ ಹೇಳುತ್ತದೆ. ಸೇರಿಸಿದ ಮೇಲೆ ಕೆಳಗಿನ ಪಟ್ಟಿಯಲ್ಲಿ ಅದರ ಮೇಲೆ ಡಬಲ್ ಕ್ಲಿಕ್ ಮಾಡಿ, ಡೇಟಾ ಟ್ಯಾಬಿನಲ್ಲಿ ಸ್ಕೇಲ್ 0.1 ಮಾಡಿ. ಆಗ 1000 ಎಂಬಿ ಅಂದರೆ ಗ್ರಾಫಿನಲ್ಲಿ 100. ‘ನನ್ನ ಹತ್ತಿರ 4 ಜಿಬಿ ಇದೆ, ಬೆಳಿಗ್ಗೆ 1800 ಖಾಲಿ ಇರುತ್ತದೆ, ಗೆರೆ ಸೂರಿಗೆ ಅಂಟುತ್ತದಲ್ಲ’ ಅಂತ ನೀವು ಕೇಳಬಹುದು. ಅಂಟಲಿ. ನಾನು ಬೇಕಂತಲೇ ಹೀಗೆ ಹೇಳುತ್ತಿರುವುದು. ಮೆಮೊರಿ ಸಾಕಷ್ಟು ಇರುವಾಗ ಅದು 1800 ಇದ್ದರೇನು, 1300 ಇದ್ದರೇನು, ನಿಮಗೆ ಬೇಕಿಲ್ಲ. ಗೆರೆ ಸೂರಿನಲ್ಲಿದ್ದರೆ ನಿಶ್ಚಿಂತೆ. ಅಲ್ಲಿಂದ ಇಳಿಯಲು ಶುರುವಾದರೆ ಕಣ್ಣಿಡಿ. 20ರ ಕೆಳಗೆ, ಅಂದರೆ 200 ಎಂಬಿಗಿಂತ ಕಮ್ಮಿ ಆಗಿ ಅಲ್ಲೇ ಉಳಿದರೆ ತೊಂದರೆ. ಅಳತೆಯ ನೂರು ಮನೆಗಳನ್ನೂ ನಿಮಗೆ ಬೇಕಾದ ಕಡೆಗೇ ಖರ್ಚು ಮಾಡಿದ ಹಾಗಾಯಿತು. ಪ್ರೋಗ್ರಾಂ ತಾನೇ ಆರಿಸಿದ ಸ್ಕೇಲ್‌ನಲ್ಲಿ ಈ ಅನುಕೂಲ ಸಿಗುವುದಿಲ್ಲ.

ಮೂರನೆಯದು, ಅದೇ ಮೆಮೊರಿ ಗುಂಪಿನ ಪೇಜಸ್ ಇನ್‌ಪುಟ್ ಪರ್ ಸೆಕೆಂಡ್. ಬೇಕಾದ ಪುಟ ರ‍್ಯಾಮ್‌ನಲ್ಲಿ ಸಿಗದೆ ಡಿಸ್ಕ್‌ನಿಂದ ತರಬೇಕಾದದ್ದು ಸೆಕೆಂಡಿಗೆ ಎಷ್ಟು ಅಂತ. ಒಂದು ಪುಟ ಅಂದರೆ ಮೆಮೊರಿಯ 4 ಕೆಬಿ ತುಂಡು. ಇದಕ್ಕೂ ಸ್ಕೇಲ್ 0.1 ಇರಲಿ. ಈ ಗೆರೆ ಆಗಾಗ ನೆಗೆಯುವುದು ಸಹಜ. ಫೋಟೋಶಾಪ್ ತೆರೆದಾಗ ಅದರ ಕಡತಗಳೂ ಇದೇ ದಾರಿಯಲ್ಲಿ ಬರುತ್ತವೆ. ನೆಗೆದು ಇಳಿದರೆ ಬಿಟ್ಟುಬಿಡಿ. ನೀವು ಹೊಸದೇನೂ ತೆರೆಯದೆ ಬರೀ ಒಂದು ಕಿಟಕಿಯಿಂದ ಇನ್ನೊಂದಕ್ಕೆ ಹೋದಾಗಲೂ ನೆಗೆಯುತ್ತಿದ್ದರೆ, ರ‍್ಯಾಮ್ ಸಾಲುತ್ತಿಲ್ಲ.

ನಾಲ್ಕನೆಯದು ಫಿಸಿಕಲ್ ಡಿಸ್ಕ್ ಗುಂಪಿನ ಆವರೇಜ್ ಡಿಸ್ಕ್ ಸೆಕೆಂಡ್ ಪರ್ ಟ್ರಾನ್ಸ್‌ಫರ್. ಟಾಸ್ಕ್ ಮ್ಯಾನೇಜರ್‌ನ ರೆಸ್ಪಾನ್ಸ್ ಟೈಮ್ ಅಂದೆನಲ್ಲ, ಅದೇ ವಿಷಯ, ಗ್ರಾಫ್ ರೂಪದಲ್ಲಿ. ಕೆಳಗೆ ಇನ್‌ಸ್ಟನ್ಸ್ ಪಟ್ಟಿ ಬಂದಾಗ ಟೋಟಲ್ ಬಿಟ್ಟು ಸಿ ಡ್ರೈವ್ ಇರುವ ಡಿಸ್ಕನ್ನೇ ಆರಿಸಿ. ನಿಮ್ಮ ಅಂಗಡಿಗೆ ಬರುವ ಎಲ್ಲರ ಪೆನ್‌ಡ್ರೈವ್ ನಿಧಾನವನ್ನೂ ಇದರೊಳಗೆ ಬೆರೆಸುವುದು ಬೇಡ. ಇಲ್ಲಿ ಅಂಕಿ ಸೆಕೆಂಡಿನಲ್ಲಿರುತ್ತದೆ, 0.015 ಅನ್ನುವ ತರಹ. ಸ್ಕೇಲ್ 1000 ಮಾಡಿದರೆ ಗ್ರಾಫಿನ 15 ಅಂದರೆ ಸರಿಯಾಗಿ 15 ಮಿಲಿಸೆಕೆಂಡ್. ಮನಸ್ಸಿನಲ್ಲಿ ಲೆಕ್ಕ ಹಾಕುವ ರಗಳೆಯೇ ಇಲ್ಲ. ನಾಲ್ಕರಲ್ಲಿ ನನಗೆ ತುಂಬಾ ಇಷ್ಟವಾದದ್ದು ಇದೇ.

ಪರ್ಸೆಂಟ್ ಡಿಸ್ಕ್ ಟೈಮ್ ಅನ್ನುವ ಕೌಂಟರ್ ನಿಮ್ಮ ಹನ್ನೆರಡರಲ್ಲಿ ಇದ್ದಿರಬೇಕು. ಅದನ್ನು ಮತ್ತೆ ಸೇರಿಸಬೇಡಿ. ಹೆಸರಲ್ಲಿ ಶೇಕಡಾ ಇದ್ದರೂ ಅದು ನೂರನ್ನು ದಾಟಿ ಹೋಗುತ್ತದೆ, ಒಮ್ಮೊಮ್ಮೆ ಹಲವು ನೂರು. ಡಿಸ್ಕ್ ಎಷ್ಟು ಹೊತ್ತು ಬಿಡುವಾಗಿತ್ತು ಅಂತ ತಿಳಿಯಲೇಬೇಕಿದ್ದರೆ ಪರ್ಸೆಂಟ್ ಐಡಲ್ ಟೈಮ್ ಸೇರಿಸಿ, ಅದು ನಂಬಿಕಸ್ಥ. ನೆಟ್‌ವರ್ಕ್ ಗೆರೆಯೂ ನಿಮಗೆ ಸದ್ಯಕ್ಕೆ ಬೇಡ ಅನಿಸುತ್ತದೆ. ಬೇಕೇ ಬೇಕು ಅಂದರೆ ಬೈಟ್ಸ್ ರಿಸೀವ್ಡ್ ಪರ್ ಸೆಕೆಂಡ್ ಹಾಕಿ, ಸ್ಕೇಲ್ 0.00001 ಕೊಡಿ. 40 ಎಂಬಿಪಿಎಸ್ ಲೈನ್ ಅಂದರೆ ಸೆಕೆಂಡಿಗೆ 50 ಲಕ್ಷ ಬೈಟ್. ಆಗ ಪೂರ್ತಿ ವೇಗದಲ್ಲಿ ಗೆರೆ 50ರ ಹತ್ತಿರ ನಿಲ್ಲುತ್ತದೆ. ಟಾಸ್ಕ್ ಮ್ಯಾನೇಜರ್ ಬಿಟ್‌ನಲ್ಲಿ ಹೇಳುತ್ತದೆ, ಇದು ಬೈಟ್‌ನಲ್ಲಿ. ಎಂಟರಿಂದ ಭಾಗಿಸುವುದನ್ನು ಮರೆತರೆ ಇಂಟರ್‌ನೆಟ್ ಕೊಡುವವರ ಜೊತೆ ಸುಮ್ನೆ ಜಗಳ ಆಗುತ್ತದೆ.

ಈಗ ಸಮಯದ ಅಳತೆ. ಗ್ರಾಫಿನ ಮೇಲೆ ರೈಟ್ ಕ್ಲಿಕ್ ಮಾಡಿ ಪ್ರಾಪರ್ಟೀಸ್‌ಗೆ ಹೋಗಿ. ಜನರಲ್ ಟ್ಯಾಬಿನಲ್ಲಿ ಎರಡು ಅಂಕಿ ಇರುತ್ತವೆ. ಎಷ್ಟು ಸೆಕೆಂಡಿಗೊಮ್ಮೆ ಅಳೆಯಬೇಕು, ಒಟ್ಟು ಎಷ್ಟು ಸೆಕೆಂಡ್ ತೋರಿಸಬೇಕು. ಮೊದಲಿಗೆ 1 ಮತ್ತು 100 ಅಂತ ಇರುತ್ತದೆ. ಗ್ರಾಫಿನ ಕೆಳಗಿನ ಸಾಲಿನಲ್ಲಿ ಡ್ಯುರೇಷನ್ 1:40 ಅಂತ ಕಾಣುತ್ತದಲ್ಲ, ಅದು ಇದೇ ನೂರು ಸೆಕೆಂಡ್. ಇದನ್ನು 5 ಮತ್ತು 3600 ಮಾಡಿ. ಇಡೀ ಒಂದು ಗಂಟೆ ಪರದೆಯ ಮೇಲೆ ಬರುತ್ತದೆ. ಕೆಳಗಿನ ಸಾಲಿನಲ್ಲಿ ಲಾಸ್ಟ್, ಆವರೇಜ್, ಮಿನಿಮಮ್, ಮ್ಯಾಕ್ಸಿಮಮ್ ಇರುತ್ತವೆ. ಪಟ್ಟಿಯಲ್ಲಿ ಯಾವ ಕೌಂಟರ್ ಆರಿಸಿದ್ದೀರೋ ಅದರದ್ದು ಮಾತ್ರ ಅಲ್ಲಿ ಬರುತ್ತದೆ. ಇಲ್ಲಿ ಸ್ಕೇಲ್ ಗುಣಿಸಿರುವುದಿಲ್ಲ, ನಿಜವಾದ ಅಂಕಿಯೇ ಇರುತ್ತದೆ. ಗೆರೆ 35ರಲ್ಲಿದ್ದು ಕೆಳಗೆ 350 ಅಂತ ಇದ್ದರೆ ಎರಡೂ ಸರಿ.

ಐದು ಸೆಕೆಂಡಿಗೊಮ್ಮೆ ಅಳೆದರೆ ನಡುವಿನ ಪುಟ್ಟ ನೆಗೆತಗಳು ತಪ್ಪಿಹೋಗುವುದಿಲ್ಲವೇ? ಡಿಸ್ಕ್ ಸಮಯದಂಥ ಕೌಂಟರ್‌ಗಳು ಆ ಐದು ಸೆಕೆಂಡಿನ ಸರಾಸರಿ ಕೊಡುತ್ತವೆ. ಅರ್ಧ ಸೆಕೆಂಡಿನ ಎಡವಟ್ಟು ಅದರೊಳಗೆ ಕರಗಿಹೋಗುತ್ತದೆ, ನಿಜ. ಆದರೆ ನಿಮ್ಮ ದೂರು ಇಡೀ ಮಧ್ಯಾಹ್ನದ್ದು, ಅರ್ಧ ಸೆಕೆಂಡಿನದ್ದಲ್ಲ.

ಅದೇ ಪ್ರಾಪರ್ಟೀಸ್‌ನ ಗ್ರಾಫ್ ಟ್ಯಾಬಿನಲ್ಲಿ ಇನ್ನೊಂದು ಮುಖ್ಯ ಆಯ್ಕೆ ಇದೆ. ಸ್ಕ್ರೋಲ್ ಸ್ಟೈಲ್. ಮೊದಲಿಗೆ ರ‍್ಯಾಪ್ ಅಂತ ಇರುತ್ತದೆ. ಆಗ ಒಂದು ಕೆಂಪು ಕಂಬ ಎಡದಿಂದ ಬಲಕ್ಕೆ ಸಾಗುತ್ತಾ ಹಳೆಯದನ್ನು ಅಳಿಸಿ ಹೊಸದನ್ನು ಬರೆಯುತ್ತದೆ. ಕಂಬದ ಎಡಗಡೆ ಇರುವುದು ಈಗಿನದು, ಬಲಗಡೆ ಇರುವುದು ಹಿಂದಿನ ಸುತ್ತಿನ ಹಳೇ ಗೆರೆ. ಇದು ಗೊತ್ತಿಲ್ಲದವರು ಬಲತುದಿಯನ್ನೇ ಈಗಿನ ಸ್ಥಿತಿ ಅಂದುಕೊಳ್ಳುತ್ತಾರೆ. ಒಂದು ಗಂಟೆಯ ಗ್ರಾಫ್‌ನಲ್ಲಿ ಹೀಗಾದರೆ ಗಂಟೆ ಹಿಂದಿನ ಕಾಯಿಲೆಗೆ ಈಗ ಮದ್ದು ಹುಡುಕಿದ ಹಾಗೆ. ಸ್ಕ್ರೋಲ್ ಅಂತ ಬದಲಿಸಿ. ಆಮೇಲೆ ಯಾವಾಗಲೂ ಬಲತುದಿಯೇ ಈಗ. ಹಾಗೇ ಅಡ್ಡ ಗೆರೆಗಳನ್ನೂ, ಅಂದರೆ ಹಾರಿಜಾಂಟಲ್ ಗ್ರಿಡ್ ಕೂಡ ಆನ್ ಮಾಡಿಕೊಳ್ಳಿ. ದೂರದಿಂದ 20 ಎಲ್ಲಿ, 50 ಎಲ್ಲಿ ಅಂತ ಗೊತ್ತಾಗುತ್ತದೆ.

ಆ ಟ್ಯಾಬಿನಲ್ಲೇ ಟೈಟಲ್ ಅಂತ ಒಂದು ಖಾಲಿ ಜಾಗವಿದೆ. ಯಾರೂ ಅದನ್ನು ಬಳಸುವುದಿಲ್ಲ, ನೀವು ಬಳಸಿ. ‘ಮೆಮೊರಿ 20ಕ್ಕಿಂತ ಕೆಳಗೆ ಬಾರದಿರಲಿ, ಡಿಸ್ಕ್ 50ಕ್ಕಿಂತ ಮೇಲೆ ಹೋಗದಿರಲಿ’ ಅಂತ ಕನ್ನಡದಲ್ಲೇ ಬರೆದಿಡಿ. ಗ್ರಾಫಿನ ತಲೆಯ ಮೇಲೆ ಕಾಣುತ್ತಿರುತ್ತದೆ, ನೀವಿಲ್ಲದಾಗ ಹುಡುಗನಿಗೂ ಅರ್ಥವಾಗುತ್ತದೆ. ಆದರೆ ಪತ್ರಿಕೆ, ಲಗ್ನಪತ್ರ ಮಾಡುವಾಗ ಬಳಸುವ ನುಡಿ ತಂತ್ರಾಂಶದ ಹಳೇ ಆಸ್ಕಿ ಫಾಂಟಿನಲ್ಲಿ ಟೈಪ್ ಮಾಡಬೇಡಿ. ಇಲ್ಲಿ ಅದು ಇಂಗ್ಲಿಷ್ ಅಕ್ಷರಗಳ ಚಿಂದಿಯಾಗಿ ಕಾಣುತ್ತದೆ. ಯೂನಿಕೋಡ್‌ನಲ್ಲೇ ಬರೆಯಿರಿ. ಅಪಿಯರೆನ್ಸ್ ಟ್ಯಾಬಿನಲ್ಲಿ ಫಾಂಟನ್ನು ನಿರ್ಮಲಾ ಯುಐ ಮಾಡಿ ಅಕ್ಷರದ ಗಾತ್ರ ಸ್ವಲ್ಪ ದೊಡ್ಡದು ಮಾಡಿದರೆ ಎರಡು ಮಾರು ದೂರದಿಂದಲೂ ಓದಬಹುದು. ಈ ಫಾಂಟ್ ವಿಂಡೋಸ್ 8ರಿಂದ ಜೊತೆಗೇ ಬರುತ್ತದೆ, ಬೇರೆ ಹಾಕಬೇಕಾಗಿಲ್ಲ.

ಬಣ್ಣಗಳ ವಿಷಯದಲ್ಲಿ ಜಾಸ್ತಿ ಹೇಳುವುದಿಲ್ಲ. ನೀವು ಡಿಟಿಪಿಯವರು, ನನಗಿಂತ ಚೆನ್ನಾಗಿ ಗೊತ್ತು. ಡಿಸ್ಕ್ ಗೆರೆಯನ್ನು ಮಾತ್ರ ಒಂದು ಹಂತ ದಪ್ಪ ಮಾಡಿ. ಯಾವುದು ಯಾವುದೆಂದು ಗೊಂದಲವಾದರೆ ಪಟ್ಟಿಯಲ್ಲಿ ಒಂದನ್ನು ಆರಿಸಿ ಕಂಟ್ರೋಲ್ ಮತ್ತು ಎಚ್ ಒಟ್ಟಿಗೆ ಒತ್ತಿ. ಆ ಗೆರೆ ದಪ್ಪಗಾಗಿ ಎದ್ದು ಕಾಣುತ್ತದೆ.

ಮುಚ್ಚಿ ತೆರೆದರೆ ಎಲ್ಲ ಮಾಯವಾಗುತ್ತದೆ ಅಂದಿರಿ. ಪರ್ಫಾರ್ಮೆನ್ಸ್ ಮಾನಿಟರನ್ನು ನೇರವಾಗಿ ತೆರೆದರೆ ಅದು ಹಾಗೇ, ನೀವು ಸೇರಿಸಿದ್ದನ್ನು ನೆನಪಿಡುವುದಿಲ್ಲ. ಇದಕ್ಕೆ ಒಂದು ಹಳೇ ಉಪಾಯ ಇದೆ. ಸ್ಟಾರ್ಟ್‌ನಲ್ಲಿ ಎಂ, ಎಂ, ಸಿ ಅಂತ ಮೂರು ಅಕ್ಷರ ಟೈಪ್ ಮಾಡಿ ಎಂಟರ್ ಒತ್ತಿ. ಖಾಲಿ ಕಿಟಕಿ ಬರುತ್ತದೆ. ಫೈಲ್ ಮೆನುವಿನಲ್ಲಿ ಆ್ಯಡ್ ಆರ್ ರಿಮೂವ್ ಸ್ನ್ಯಾಪ್-ಇನ್ ಆರಿಸಿ. ಪಟ್ಟಿಯಲ್ಲಿ ಪರ್ಫಾರ್ಮೆನ್ಸ್ ಮಾನಿಟರ್ ಹೆಸರು ಕಂಡರೂ ಅದನ್ನು ಮುಟ್ಟಬೇಡಿ, ಆ್ಯಕ್ಟಿವ್‌ಎಕ್ಸ್ ಕಂಟ್ರೋಲ್ ಸೇರಿಸಿ. ಯಾವ ಕಂಟ್ರೋಲ್ ಅಂತ ಕೇಳಿದಾಗ ಸಿಸ್ಟಂ ಮಾನಿಟರ್ ಕಂಟ್ರೋಲ್ ಆರಿಸಿ ಮುಗಿಸಿ. ಅದೇ ಗ್ರಾಫ್ ಖಾಲಿಯಾಗಿ ಬರುತ್ತದೆ. ನಾಲ್ಕು ಕೌಂಟರ್, ಸ್ಕೇಲ್, ಸಮಯ, ಟೈಟಲ್ ಎಲ್ಲವನ್ನೂ ಇಲ್ಲೇ ಒಮ್ಮೆ ಹೊಂದಿಸಿ, ಫೈಲ್ ಮೆನುವಿನಿಂದ ಡೆಸ್ಕ್‌ಟಾಪ್‌ಗೆ ಸೇವ್ ಮಾಡಿ. ನಾಳೆ ಆ ಕಡತದ ಮೇಲೆ ಡಬಲ್ ಕ್ಲಿಕ್ ಮಾಡಿದರೆ ಎಲ್ಲ ಇದ್ದ ಹಾಗೇ ಬರುತ್ತದೆ. ಕಿಟಕಿಯನ್ನು ಪಕ್ಕದ ಮಾನಿಟರ್‌ಗೆ ಎಳೆದು ದೊಡ್ಡದು ಮಾಡಿಬಿಡಿ. ಗ್ರಾಫ್ ಹೊಸದಾಗಿ ಶುರುವಾಗುತ್ತದೆ, ನಿನ್ನೆಯ ಗೆರೆ ಇರುವುದಿಲ್ಲ.

ನಿನ್ನೆಯದೂ ಬೇಕಿದ್ದರೆ ಲಾಗ್ ಬರೆಸಬೇಕು. ಅದಕ್ಕೆ ಮಾಮೂಲಿ ಪರ್ಫಾರ್ಮೆನ್ಸ್ ಮಾನಿಟರ್‌ನಲ್ಲಿ ಈ ನಾಲ್ಕು ಕೌಂಟರ್ ಇನ್ನೊಮ್ಮೆ ಸೇರಿಸಿ. ಎಡಗಡೆ ಅದರ ಹೆಸರಿನ ಮೇಲೆ ರೈಟ್ ಕ್ಲಿಕ್ ಮಾಡಿ ನ್ಯೂ, ಡೇಟಾ ಕಲೆಕ್ಟರ್ ಸೆಟ್ ಅಂತ ಹೋದರೆ ಗ್ರಾಫಿನಲ್ಲಿರುವ ಕೌಂಟರ್‌ಗಳೇ ಅದಕ್ಕೆ ಸೇರಿಕೊಳ್ಳುತ್ತವೆ. ಒಂದು ಹೆಸರು ಕೊಡಿ. ಆಮೇಲೆ ಯೂಸರ್ ಡಿಫೈನ್ಡ್ ಅಡಿಯಲ್ಲಿ ಅದನ್ನು ತೆರೆದು, ಒಳಗಿನ ಲಾಗಿನ ಪ್ರಾಪರ್ಟೀಸ್‌ನಲ್ಲಿ ಸ್ಯಾಂಪಲ್ ಇಂಟರ್‌ವಲ್ 15 ಸೆಕೆಂಡ್ ಮಾಡಿ. ಬೆಳಿಗ್ಗೆ ಅಂಗಡಿ ತೆರೆದ ಕೂಡಲೇ ಸ್ಟಾರ್ಟ್, ರಾತ್ರಿ ಸ್ಟಾಪ್. ಸಿ ಡ್ರೈವ್‌ನ ಪರ್ಫ್‌ಲಾಗ್ಸ್ ಫೋಲ್ಡರ್‌ನಲ್ಲಿ ಕಡತ ಕೂರುತ್ತದೆ. ಮತ್ತೆ ಗ್ರಾಫಿಗೆ ಬಂದು ವ್ಯೂ ಲಾಗ್ ಡೇಟಾ ಬಟನ್ ಒತ್ತಿ ಆ ಕಡತ ಕೊಟ್ಟರೆ ಇಡೀ ದಿನ ಒಂದೇ ಚಿತ್ರದಲ್ಲಿ ಬರುತ್ತದೆ. ಸ್ಕೇಲ್ ಅಲ್ಲೂ ಕೈಯಾರೆ ಸರಿ ಮಾಡಿಕೊಳ್ಳಬೇಕಾಗಬಹುದು. ಒಂದು ಎಚ್ಚರಿಕೆ: ಪ್ರೋಸೆಸ್ ಗುಂಪಿನಿಂದ ಎಲ್ಲ ಪ್ರೋಗ್ರಾಂಗಳನ್ನೂ ಒಟ್ಟಿಗೆ ಆರಿಸಿ ಲಾಗ್ ಬರೆಸಬೇಡಿ. ಮೊದಲೇ ಸುಸ್ತಾದ ಡಿಸ್ಕ್‌ಗೆ ಅದೊಂದು ಹೊಸ ಕೆಲಸ.

ಚಿತ್ರ ಕೈಗೆ ಸಿಕ್ಕ ಮೇಲೆ ಗೆರೆಗಳ ಎತ್ತರಕ್ಕಿಂತ ಯಾವುದು ಮೊದಲು ಅಲ್ಲಾಡಿತು ಅಂತ ನೋಡಿ. ಮೊದಲು ಮೆಮೊರಿ ಗೆರೆ ಸೂರಿನಿಂದ ಇಳಿಯಿತು, ಆಮೇಲೆ ಪೇಜಸ್ ಗೆರೆ ಎದ್ದಿತು, ಅದರ ಬೆನ್ನಿಗೇ ಡಿಸ್ಕ್ ಗೆರೆ ಎದ್ದಿತು ಅಂದರೆ ರೋಗ ರ‍್ಯಾಮ್‌ನದು. ಡಿಸ್ಕ್ ಬರೀ ಒದ್ದಾಡುತ್ತಿದೆ ಅಷ್ಟೇ. ಮೆಮೊರಿ ಗೆರೆ ಅಲ್ಲಾಡದೆ ಡಿಸ್ಕ್ ಗೆರೆ ಒಂದೇ ಎದ್ದಿದ್ದರೆ ಯಾವುದೋ ಪ್ರೋಗ್ರಾಂ ಹಿನ್ನೆಲೆಯಲ್ಲಿ ಏನೋ ಮಾಡುತ್ತಿದೆ. ಆ್ಯಂಟಿವೈರಸ್ ಸ್ಕ್ಯಾನ್, ವಿಂಡೋಸ್ ಅಪ್‌ಡೇಟ್, ಹುಡುಕಾಟದ ಇಂಡೆಕ್ಸ್, ಹೀಗೆ. ನಿಮ್ಮಲ್ಲಿ ಗಂಟೆಗೆ ಎಷ್ಟೋ ಪೆನ್‌ಡ್ರೈವ್ ಬಂದು ಹೋಗುತ್ತವೆ, ಆ್ಯಂಟಿವೈರಸ್ ಮೇಲೆ ನನಗೆ ಸ್ವಲ್ಪ ಅನುಮಾನ ಇದ್ದೇ ಇದೆ. ಆದರೂ ಬೆಳಿಗ್ಗೆ ಚೆನ್ನಾಗಿದ್ದು ಹೊತ್ತು ಏರಿದಂತೆ ನಿಧಾನವಾಗುತ್ತದೆ ಅಂದಿರಲ್ಲ, 4 ಜಿಬಿಯಲ್ಲಿ ಫೋಟೋಶಾಪ್, ಕೋರೆಲ್‌ಡ್ರಾ, ವಾಟ್ಸ್ಆ್ಯಪ್, ಹದಿನೈದು ಬ್ರೌಸರ್ ಟ್ಯಾಬ್ ಒಟ್ಟಿಗೆ ಇದ್ದರೆ ಮೊದಲನೆಯದೇ, ಅಂದರೆ ರ‍್ಯಾಮ್ ಕೊರತೆಯೇ ಇರಬೇಕು.

ಖಚಿತ ಮಾಡಿಕೊಳ್ಳಲು, ತೆವಳುತ್ತಿರುವ ಹೊತ್ತಿನಲ್ಲೇ ರಿಸೋರ್ಸ್ ಮಾನಿಟರ್ ತೆರೆಯಿರಿ. ಟಾಸ್ಕ್ ಮ್ಯಾನೇಜರ್‌ನ ಪರ್ಫಾರ್ಮೆನ್ಸ್ ಟ್ಯಾಬಿನ ಕೆಳಗೇ ಅದರ ಕೊಂಡಿ ಇದೆ. ಡಿಸ್ಕ್ ಟ್ಯಾಬಿನಲ್ಲಿ ಡಿಸ್ಕ್ ಆ್ಯಕ್ಟಿವಿಟಿ ಪಟ್ಟಿ ಬಿಡಿಸಿ, ಟೋಟಲ್ ಎಂಬ ಕಾಲಂ ತಲೆಯ ಮೇಲೆ ಒತ್ತಿ. ಯಾವ ಕಡತ ಡಿಸ್ಕನ್ನು ಜಗ್ಗುತ್ತಿದೆ ಅಂತ ಹೆಸರು ಸಮೇತ ಬರುತ್ತದೆ. ಮೇಲೆ ಪೇಜ್‌ಫೈಲ್ (ರ‍್ಯಾಮ್ ಸಾಲದಾಗ ವಿಂಡೋಸ್ ಡಿಸ್ಕ್‌ನಲ್ಲಿ ಬಳಸುವ ಕಡತ) ಎಂಬ ಹೆಸರು ಕೂತಿದ್ದರೆ ಮೆಮೊರಿ ಸಾಲುತ್ತಿಲ್ಲ, ಬೇರೆ ಸಾಕ್ಷಿ ಬೇಡ. ಹಾಗಂತ ಯಾರದೋ ಮಾತು ಕೇಳಿ ಪೇಜ್‌ಫೈಲನ್ನೇ ಆಫ್ ಮಾಡಬೇಡಿ. ಆಗ ನಿಧಾನವಾಗುವ ಬದಲು ಪ್ರೋಗ್ರಾಂಗಳು ಮುಚ್ಚಿಕೊಂಡೇ ಬಿಡುತ್ತವೆ, ಸೇವ್ ಮಾಡದ ಕೆಲಸವೂ ಜೊತೆಗೆ ಹೋಗುತ್ತದೆ. ಇದೇ ರಿಸೋರ್ಸ್ ಮಾನಿಟರ್‌ನ ಸಿಪಿಯು ಗ್ರಾಫಿನಲ್ಲಿ ಒಂದು ನೀಲಿ ಗೆರೆ ನೂರರ ಹತ್ತಿರವೇ ಇರುವುದು ಕಂಡು ತುಂಬಾ ಜನ ಬೆಚ್ಚಿಬೀಳುತ್ತಾರೆ. ಅದು ಸಿಪಿಯು ಬಳಕೆ ಅಲ್ಲ, ಪ್ರೊಸೆಸರ್ ತನ್ನ ಗರಿಷ್ಠ ವೇಗದ ಎಷ್ಟು ಭಾಗದಲ್ಲಿ ಓಡುತ್ತಿದೆ ಅಂತ. ಬಳಕೆ ಹಸಿರು ಗೆರೆಯಲ್ಲಿದೆ.

ಹಾರ್ಡ್ ಡಿಸ್ಕ್ ತೆಗೆದು ಎಸ್ಎಸ್‌ಡಿ (ಸುತ್ತುವ ಭಾಗಗಳಿಲ್ಲದ ವೇಗದ ಡಿಸ್ಕ್) ಹಾಕಿಸಿ ಅಂತ ಎಲ್ಲರೂ ಹೇಳುತ್ತಾರೆ. ತಪ್ಪಲ್ಲ, ಡಿಸ್ಕ್ ಗೆರೆ 50ರಿಂದ ಒಂದೆರಡಕ್ಕೆ ಇಳಿಯುತ್ತದೆ. ಆದರೆ ನಿಮ್ಮ ಗ್ರಾಫಿನಲ್ಲಿ ಮೊದಲು ಬಿದ್ದದ್ದು ಮೆಮೊರಿ ಗೆರೆ ಆಗಿದ್ದರೆ ನಾನಾಗಿದ್ದರೆ ಮೊದಲು ರ‍್ಯಾಮ್ ಹಾಕಿಸುತ್ತಿದ್ದೆ, ಎಸ್ಎಸ್‌ಡಿ ಮುಂದಿನ ತಿಂಗಳಿಗೆ ಇರಲಿ. ಅಂಗಡಿಗೆ ಹೋಗುವ ಮುಂಚೆ ಟಾಸ್ಕ್ ಮ್ಯಾನೇಜರ್‌ನ ಮೆಮೊರಿ ಪುಟದ ಕೆಳಗೆ ಸ್ಲಾಟ್ಸ್ ಯೂಸ್ಡ್ ಅನ್ನುವ ಸಾಲು ನೋಡಿಕೊಳ್ಳಿ. ಎರಡರಲ್ಲಿ ಒಂದು ಅಂತಿದ್ದರೆ ಇನ್ನೊಂದು ಜಾಗ ಖಾಲಿ ಇದೆ, ಹಳೆಯದನ್ನು ಇಟ್ಟುಕೊಂಡೇ ಇನ್ನೊಂದು 4 ಜಿಬಿ ಸೇರಿಸಬಹುದು. ಅದರ ಮೇಲೆಯೇ ಸ್ಪೀಡ್ ಅಂತ ಒಂದು ಅಂಕಿ ಇರುತ್ತದೆ. ಅದನ್ನೂ ಬರೆದುಕೊಂಡು ಹೋಗಿ. ಕಂಪ್ಯೂಟರಿನ ಮಾಡೆಲ್ ಹೆಸರಿನ ಜೊತೆ ಆ ಅಂಕಿಯನ್ನೂ ಹೇಳಿದರೆ ಅಂಗಡಿಯವರು ಡಿಡಿಆರ್ 3 ಬೇಕೋ 4 ಬೇಕೋ ಅಂತ ನೋಡಿ ಸರಿಯಾದ್ದನ್ನೇ ಕೊಡುತ್ತಾರೆ.